ಹುಲ್ಲುಕಡ್ಡಿ

ಚಾಂಗ್ ವಿಶ್ವವಿದ್ಯಾಲಯದ ಹಿಂಬದಿ,
ಜನರೇಟರಿನ ಶೆಡ್ಡಿಗೆ ಒರಗಿಕೊಂಡು
ನಮ್ಮ ಇಲಿಕೋಣೆ.
ಕ್ಯಾಮರೂನಿನ ಈ ಗುಡ್ಡದ ಮೇಲೆ ಜುಲೈಯಲ್ಲಿ
ಕಿಟಕಿಗೆ ಮಂಜು ಕೂತರೆ ಮಧ್ಯಾಹ್ನದವರೆಗೂ ಏಳುವುದಿಲ್ಲ,
ನನ್ನ ಅಕ್ಕ ಓದೀಲಳ ಹಾಗೆ.

ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರಲ್ಲ,
ಆ ಕಡ್ಡಿಯನ್ನು ನೆರಳಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು,
ಕುದಿಸಿ, ಸೋಸಿ, ಮಿಲಿಗ್ರಾಮಿನಲ್ಲಿ ತೂಗುವುದು
ನನಗೆ ಸಂಬಳ ಕೊಡುವ ಕೆಲಸ.
ಸೊಪ್ಪು ತರುವವಳು ಮಾ ಮೆಗ್ನಿ.
ಹೆಸರು ಕೇಳಿದರೆ
'ಹೆಸರು ಹಿಡಿದು ಕರೆದರೆ ಗಿಡಕ್ಕೆ ಗರ್ವ ಬರುತ್ತೆ' ಎಂದು
ಚೀಲವನ್ನು ತಕ್ಕಡಿಯ ಮೇಲೆ ಕವುಚುತ್ತಾಳೆ.
'ನಾವು ಮಲಗಿದವರಿಗೆ ಕೊಡ್ತೀವಿ. ನೀವು ಇಲಿಗ್ಯಾಕೆ ಕೊಡ್ತೀರಿ?
ಅದರ ಗಂಡ ಬಿಟ್ಟುಹೋದನಾ?'

ಗಾಜಿನ ಕೊಳವೆ. ಇಪ್ಪತ್ತೈದು ಡಿಗ್ರಿ ನೀರು.
ಬಾಲ ಹಿಡಿದು ಮೆಲ್ಲಗೆ ಬಿಡುತ್ತೇನೆ.
ಆರು ನಿಮಿಷ.
ಮೊದಲೆರಡು ಲೆಕ್ಕಕ್ಕಿಲ್ಲ, ಅದು ಎಲ್ಲರೂ ಒದ್ದಾಡುವ ಕಾಲ.
ಆಮೇಲಿನ ನಾಲ್ಕರಲ್ಲಿ
ಎಷ್ಟು ಸೆಕೆಂಡು ಸುಮ್ಮನೆ ತೇಲಿತೋ
ಅಷ್ಟು ಹತಾಶೆ.
ಫ್ರೆಂಚಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾರೆ.
ಸ್ಟಾಪ್‌ವಾಚಿನ ಗುಂಡಿ ಒತ್ತಿ, ಬಿಟ್ಟು, ಒತ್ತಿ
ನನ್ನ ಹೆಬ್ಬೆರಳು ಜಡ್ಡುಗಟ್ಟಿದೆ.

ಯಾವ ಪಂಜರಕ್ಕೆ ಸೊಪ್ಪಿನ ರಸ, ಯಾವುದಕ್ಕೆ ಬರಿ ನೀರು,
ಯಾವುದಕ್ಕೆ ಪೇಟೆಯ ಮಾತ್ರೆ,
ಜೆಬಾಜೆಗೆ ಗೊತ್ತು, ನನಗೆ ಹೇಳುವಂತಿಲ್ಲ.
ಗೊತ್ತಿದ್ದರೆ ಕಣ್ಣು ಪಕ್ಷ ವಹಿಸುತ್ತದಂತೆ.
ಆದರೂ ಹದಿನಾಲ್ಕನೆಯದು,
ಕಿವಿ ಹರಿದದ್ದು,
ಎರಡೂವರೆ ನಿಮಿಷಕ್ಕೇ ಕಾಲು ನಿಲ್ಲಿಸಿ
ಮೂಗಷ್ಟೇ ಮೇಲಿಟ್ಟು ನನ್ನನ್ನೇ ನೋಡಿತು.
ಕೈಚೆಲ್ಲಿತು ಅಂತ ಬರೆಯಬೇಕು. ಬರೆದೆ.
ಹೇಗೂ ಕೊನೆಗೊಂದು ಕೈ ಬಂದು ಎತ್ತುತ್ತದೆ,
ದಂಡಕ್ಕೆ ಯಾಕೆ ಈಜಲಿ
ಎಂದು ಅದಕ್ಕೆ ತಿಳಿದಿತ್ತೋ ಏನೋ.
ಡಾಕ್ಟರ್ ಫೊಕು ಅವರಿಗೆ ಹೇಳಿದೆ.
'ಒಳ್ಳೇ ಪ್ರಶ್ನೆ' ಎಂದು ಲೋಟ ಬರಿದು ಮಾಡಿ ಎದ್ದುಹೋದರು.

ಒಂದು ಗುರುವಾರ ಕರೆಂಟು ಹೋಯಿತು.
ನೀರು ಹತ್ತೊಂಬತ್ತಕ್ಕೆ ಇಳಿಯಿತು, ಆ ದಿನದ ಲೆಕ್ಕವೆಲ್ಲ ರದ್ದು.
ಪುಟದ ಮೇಲೆ ಕೆಂಪು ಗೀಟು ಎಳೆದೆ.
ಒಂಬತ್ತು ಇಲಿಗಳು ಈಜಿದ್ದು ಮಾತ್ರ ರದ್ದಾಗಲಿಲ್ಲ.
ತಲೆವಸ್ತ್ರ ಬಿಚ್ಚಿ ಒಂದೊಂದನ್ನೇ ಒರೆಸಿದೆ.

ಮನೆಯಲ್ಲಿ ಓದೀಲ್, ಗೋಡೆಗೆ ಮುಖ.
ಹೆರಿಗೆಯಾದ ಮೂರನೆಯ ವಾರದಿಂದ, ಹನ್ನೊಂದು ತಿಂಗಳು.

ಸಕ್ಕರೆಯ ಪರೀಕ್ಷೆ ಬೇರೆ ಇದೆ:
ಪಂಜರಕ್ಕೆ ಎರಡು ಬಾಟಲಿ, ಒಂದು ಸಿಹಿ, ಒಂದು ಸಪ್ಪೆ.
ಮನಸ್ಸು ನೆಟ್ಟಗಿರುವ ಇಲಿ ಸಿಹಿಯತ್ತ ಹೋಗುತ್ತದೆ.
ಮಂಕು ಕವಿದದ್ದಕ್ಕೆ ಎರಡೂ ಒಂದೇ.
ಒಂದು ಸಂಜೆ, ಮರೆತೋ ಬೇಕೆಂದೋ ನನಗೇ ಖಚಿತವಿಲ್ಲ,
ಅಕ್ಕನ ಚಹಾಕ್ಕೆ ಸಕ್ಕರೆ ಹಾಕಲಿಲ್ಲ.
ಮೂರು ಚಮಚ ಸುರಿದುಕೊಳ್ಳುತ್ತಿದ್ದವಳು
ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು.
ಆಮೇಲೆ ಪ್ರತಿ ಸಂಜೆ ಹಾಗೇ ಕೊಟ್ಟೆ.
ಒಡಹುಟ್ಟಿದವಳ ಮೇಲಿನ ಈ ಪ್ರಯೋಗಕ್ಕೆ
ಯಾವ ಸಮಿತಿಯ ಒಪ್ಪಿಗೆಯೂ ಇರಲಿಲ್ಲ.

ಆಗಸ್ಟಿನ ಕೊನೆಯ ಭಾನುವಾರ
ಒಂದು ಗುಟುಕಿಗೇ ಮುಖ ಕಿವುಚಿದಳು.
'ಥೂ, ಇದೇನೇ, ಸಕ್ಕರೆ ಹಾಕೋಕೂ ಬರಲ್ವಾ ನಿನಗೆ?'

ಹೆಬ್ಬೆರಳು ತಾನಾಗಿ ಗಾಳಿಯಲ್ಲಿ ಗುಂಡಿ ಒತ್ತಿತು.
ಅಡುಗೆಮನೆಗೆ ಓಡಿದರೆ
ಅಮ್ಮ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು,
ಒಲೆಯ ಮುಂದೆ ಏನನ್ನೋ ಸೋಸುತ್ತಿದ್ದಳು.
ಮೂಲೆಯಲ್ಲಿ ಮಾ ಮೆಗ್ನಿಯ ಚೀಲ.
'ಯಾವತ್ತಿಂದ? ಎಷ್ಟು ಗ್ರಾಮ್?'
'ಒಂದು ಹಿಡಿ.'
'ಯಾರ ಹಿಡಿ?'
ತಿರುಗದೆಯೇ ಕೈ ಎತ್ತಿ ತೋರಿಸಿದಳು.

ಸೋಮವಾರ ಜೆಬಾಜೆ ಗುಟ್ಟು ಬಿಚ್ಚಿದ.
ಹದಿನಾಲ್ಕನೆಯದಕ್ಕೆ ಸಿಕ್ಕಿದ್ದು ಸೊಪ್ಪಿನ ರಸವೇ.
ಒಟ್ಟು ಲೆಕ್ಕದಲ್ಲಿ ವ್ಯತ್ಯಾಸ ಅಷ್ಟಕ್ಕಷ್ಟೆ, ಇನ್ನೊಮ್ಮೆ ಮಾಡಬೇಕು
ಅಂದರು ಡಾಕ್ಟರ್ ಫೊಕು.
ಪುಸ್ತಕದ ಕೊನೆಯಲ್ಲಿ ಒಂದು ಸಾಲಿನ ಜಾಗವಿತ್ತು. ಬರೆಯಲಿಲ್ಲ.
ಬರುವಾಗ ಮೂಲೆಯಂಗಡಿಯಲ್ಲಿ
ಒಂದು ಕಿಲೋ ಸಕ್ಕರೆ ಕೊಂಡೆ.