ಎರಡು ಮಗ್ಗುಲ ಕಲ್ಲು

ಶಹಾಬಾದಿನ ಕಲ್ಲು ಮೆದು ಅಂತಾರೆ,
ಉಳಿ ಹಿಡಿಯದವರು.
ದೇವದಾನಪ್ಪ ಮುತ್ಯಾ ಮೂವತ್ತೊಂಬತ್ತು ವರ್ಷ
ಸತ್ತವರ ಹೆಸರು ಕಡೆದವ.
ಅವನ ಕೆಮ್ಮಿನಲ್ಲೂ ಬೂದುಬಣ್ಣದ ಪುಡಿ.

ಕಲಿಸೆಂದು ನಾನೇ ಹೋಗಿ ಕೂತೆ.
ವಚನಕ್ಕಿಂತ ಮೊದಲು ಅವನು ಕಲಿಸಿದ್ದು
ಎರಡು ಅಕ್ಷರದ ನಡುವೆ ಬಿಡುವ ಬಯಲು.
ಕಡೆಯುವಾಗ ಪ್ರಾರ್ಥನೆ ಮಾಡ್ತೀಯಾ ಅಂದರೆ
"ಉಳಿ ಮಸೆಯೋವಾಗ. ಕಡಿಯೋವಾಗ ಪುರಸೊತ್ತೆಲ್ಲಿ?"

ಆ ಶುಕ್ರವಾರ
ಸುಗುಣಾಬಾಯಿ ಟೀಚರ್ ಪರಸಿಯ ಮೇಲೆ
'ಪುನರುತ್ಥಾನ' ಬರೆಯುವಲ್ಲಿ
ಥ ಒತ್ತು ತಪ್ಪಿ ತ ಒತ್ತಾಯಿತು.
ಅದೂ ನನಗೆ ಕಾಗುಣಿತ ತಿದ್ದಿಸಿದವಳ ಕಲ್ಲು!

"ದೇವರು ಮಾಫ್ ಮಾಡ್ತಾನೇನು ಮುತ್ಯಾ?"
"ಅಂವ ಮಾಡ್ತಾನ. ಟೀಚರ್ ಮಾಡಂಗಿಲ್ಲ."
ಬೀಡಿ ಹಚ್ಚಿದ. ಗೂಡ್ಸ್ ಗಾಡಿಯೊಂದು
ವಾಡಿ ಕಡೆ ಪೂರಾ ದಾಟುವ ತನಕ ಸುಮ್ಮನಿದ್ದ.
"ಹೊರಳಸು."

ಇಬ್ಬರೂ ಹಿಡಿದು ಹೊರಳಿಸಿದೆವು.
ಅಲ್ಲಿ ಹಳೆಯ ಉಳಿಯ ಗುರುತು,
ಕೈ ಎಳೆಯದು, ಅಕ್ಷರ ದಪ್ಪ, ಅವಸರದ್ದು:
'ನಿತ್ಯಜೀ'
ಮುಂದೆ ಕಲ್ಲೇ ಮುಗಿದಿತ್ತು.

"ನಿಂದೇನು?"
"ನಂದ. ಮೊದಲನೇದು. ಅವತ್ತ ನಾ ಅತ್ತಿದ್ದೆ.
ಪಾದ್ರಿ ಸಾಹೇಬ್ರು ನಕ್ಕಬಿಟ್ರು."

ಮತ್ತೆ ಯಾಕೆ ಇಟ್ಟುಕೊಂಡೆ ಎಂದು ಕೇಳುವಷ್ಟರಲ್ಲಿ
ಬೇರೆ ಪರಸಿ ಎಳೆದು
ಸುಣ್ಣದ ದಾರ ಹೊಡೆಯುತ್ತಿದ್ದ.

ಈಗ ಆ ಕಲ್ಲು ನಮ್ಮ ನಳದ ಕೆಳಗಿದೆ.
ನನ್ನ ತಪ್ಪು ಮೇಲೆ, ಅವನದು ಮಣ್ಣಿಗೆ.
ದಿನಾ ಬೆಳಗ್ಗೆ ಸಾಬೂನಿನ ನೊರೆ
ಆ ಒತ್ತಿನಲ್ಲಿ ಒಂದು ಗಳಿಗೆ ನಿಂತು
ಹರಿದುಹೋಗುತ್ತದೆ.
ಮುತ್ಯಾ ಬಂದರೆ ಅದರ ಮೇಲೇ ನಿಂತು
ಕಾಲು ತೊಳೆದುಕೊಳ್ಳುತ್ತಾನೆ,
ಕೆಳಗೆ ನೋಡುವುದಿಲ್ಲ.