ಕೊಟ್ಟವರ ಪುಟ

ನನ್ನ ಕಸುಬಿಗೆ ಬೋರ್ಡಿಲ್ಲ.
ದಾವಣಗೆರೆ ಕೋರ್ಟಿನೆದುರು, ಛಾಪಾ ಕಾಗದದವನ ಪಕ್ಕ
ಒಂದು ಸ್ಟೂಲು, ಒಂದು ಭೂತಗನ್ನಡಿ.
ಸತ್ತವರಿಗೆ ಹಿಂದೆ ಮುಂದೆ ಯಾರೂ ಇಲ್ಲ ಎಂದಾಗ
ವಕೀಲರು ಕೂಗುತ್ತಾರೆ: "ಮುರಿಗೆಪ್ಪಾ, ಕಡೆಯವರ್ನ ಹುಡುಕಪ್ಪ."

ಈ ಸಲ ಗಾದ್ರೆಪ್ಪ.
ಗಿರಣಿ ನಿಲ್ಲುವ ತನಕ ನೂಲಿನ ಖಾತೆಯಲ್ಲಿ,
ನಿಂತ ಮೇಲೆ ಮಂಡಕ್ಕಿ ಭಟ್ಟಿಯಲ್ಲಿ, ಮರಳಿನ ಮುಂದೆ.
ಹೆಂಡತಿ ಇಲ್ಲ, ಮಕ್ಕಳಿಲ್ಲ. ಬಿಟ್ಟದ್ದು
ಭಟ್ಟಿ ಸಾಲಿನ ಹಿಂದೆ ಇಪ್ಪತ್ತು-ಮೂವತ್ತರ ಒಂದು ಸೈಟು,
ಬ್ಯಾಂಕಿನ ಪುಸ್ತಕ, ಗೋಡೆ ತುಂಬ ಮಸಿ.

ಮಸಿಗೆ ಯಾರೂ ಬರಲಿಲ್ಲ.
ಸೈಟಿಗೆ ಬಂದರು ನಾಲ್ವರು ದಾಯಾದಿಗಳು
ಲ್ಯಾಮಿನೇಶನ್ ಮಾಡಿಸಿದ ವಂಶಾವಳಿ ಹಿಡಿದು.
ಮುತ್ತಾತನಿಂದ ಗೀಟು, ಗೀಟಿನ ತುದಿಗೆ ಗಂಡಸು,
ಗಂಡಸಿನಿಂದ ಗೀಟು. ರುಜು. ಮೊಹರು.
ಇಷ್ಟು ನೀಟಾದ ಮನೆತನ ನಾನು ಕಂಡಿಲ್ಲ.
ಅದಕ್ಕೇ ಅನುಮಾನ.

ಭಟ್ಟಿಯ ರಜಿಯಾಬಿ ಅಂದಳು:
"ವರ್ಷಾ ಪಂಚಮಿಗೆ ಒಂದು ಸೀರೆ ತರ್ತಿದ್ದ.
ಯಾರಿಗೂ ಕಳಿಸ್ಲಿಲ್ಲ. ಟ್ರಂಕಲ್ಲಿ ಇಡ್ತಿದ್ದ."
ಎಣಿಸಿದೆ. ಹತ್ತೊಂಬತ್ತು. ಮಡಿಕೆ ಬಿಚ್ಚಿಲ್ಲ.

ಸೀರೆ ದಾಖಲೆಯಲ್ಲ.
ಜಗಳೂರು ಕಡೆಯ ಶಾಲೆಯಲ್ಲಿ ಹಳೇ ರಿಜಿಸ್ಟರು ತೆಗೆಸಿದೆ:
ಗೆದ್ದಲು ಐವತ್ತಾರನೇ ಇಸವಿಯನ್ನು ಪೂರ್ತಿ ಓದಿ ಮುಗಿಸಿತ್ತು.
ಜನನದ ಪುಸ್ತಕದಲ್ಲಿ "ಹೆಣ್ಣು" ಅಂತಷ್ಟೇ ಇದೆ.
ತೊಟ್ಟಿಲಿಗೆ ಹಾಕುವ ಮೊದಲೇ
ತಳವಾರ ಬಂದು ಬರೆದುಕೊಂಡು ಹೋಗಿರಬೇಕು.

ಕಡೆಗೆ ಹೆಳವರ ಕಾಟಪ್ಪ ಸಿಕ್ಕ,
ಹೊಳಲ್ಕೆರೆ ರಸ್ತೆಯ ಗುಡಾರದಲ್ಲಿ.
ಅವನ ಎತ್ತು ಈಗ ಟಿವಿಎಸ್. ಗಂಟೆ ಮಾತ್ರ ಹಳೇದು,
ಹ್ಯಾಂಡಲಿಗೆ ಕಟ್ಟಿದ್ದಾನೆ.
ಕೆಂಪು ಬಟ್ಟೆ ಬಿಚ್ಚಿ, ಪುಸ್ತಕ ಹಣೆಗೊತ್ತಿ,
ಬೆಡಗು, ಮೂಲದ ಹಟ್ಟಿ, ಏಳು ತಲೆ
ಒಂದೇ ಉಸಿರಿನಲ್ಲಿ ಹೊಗಳಿದ. ಎಲ್ಲ ಗಂಡಸರೇ.
"ಹೆಣ್ಣುಮಕ್ಕಳು?"
"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಸ್ವಾಮೇರ. ಬರೆಯಲ್ಲ."

ಅವನೂ ಕಸುಬುದಾರ, ನಾನೂ. ಚಹಾ ಕುಡಿದೆವು.
ಪುಸ್ತಕ ಮಗುಚಿ, ಹಿಂದಿನಿಂದ ತೆರೆದೆ.
ಅಲ್ಲಿ ಲೆಕ್ಕ: ಯಾವ ಊರಲ್ಲಿ ಯಾರು ಏನು ಕೊಟ್ಟರು.
ಜೋಳ ಮೂರು ಕೊಳಗ. ಕಂಬಳಿ ಒಂದು. ತಾಮ್ರದ ಕೊಡ, ತೂತು.
ಆಮೇಲೆ, ಕಾಟಪ್ಪನ ಅಪ್ಪನ ಕೋಳಿಕಾಲು ಅಕ್ಷರದಲ್ಲಿ:
"ಮೊಳಕಾಲ್ಮೂರಲ್ಲಿ ಗಾದ್ರಿಯ ತಂಗಿ ಬೊಮ್ಮಕ್ಕ,
ತವರಿನ ಹೆಸರು ಎರಡು ಸಲ ಹೇಳಿಸಿಕೊಂಡು
ಕರು ಒಂದು. ಕೆಂದ."

ಕೊಟ್ಟದ್ದಕ್ಕೆ ಮುಂದಿನ ಪುಟದಲ್ಲಿ ಇಲ್ಲದವಳು
ಕೊಟ್ಟದ್ದಕ್ಕೆ ಹಿಂದಿನ ಪುಟದಲ್ಲಿ ಇದ್ದಳು.

ಬೊಮ್ಮಕ್ಕ ತೀರಿಕೊಂಡು ಆರು ವರ್ಷ.
ಮಗಳು ಪಾಲಮ್ಮ ಮಗ್ಗದ ಗುಂಡಿಯಿಂದ ಕಾಲು ತೆಗೆಯದೆ
ಕೇಳಿಸಿಕೊಂಡಳು. ಲಾಳಿ ನಿಂತಿತು.
"ನನಗೆ ಸೋದರಮಾವ ಇದ್ನಾ?"
ಎಪ್ಪತ್ತು ಕೋಸು ಅಲ್ಲ, ಎರಡೂವರೆ ತಾಸಿನ ಬಸ್ಸು.
ಯಾಕೆ ಕಳಿಸಲಿಲ್ಲ ಸೀರೆ, ಯಾರ ಮೇಲೆ ಯಾರಿಗೆ ಸಿಟ್ಟು,
ನನ್ನ ಕೆಲಸಕ್ಕೆ ಬೇಕಿಲ್ಲದ್ದು. ಕೇಳಲಿಲ್ಲ.
ರಾತ್ರಿ ಎಚ್ಚರಾದರೆ ಕೇಳಿಕೊಳ್ಳುತ್ತೇನೆ.

ಕೋರ್ಟಿನಲ್ಲಿ ಎದುರು ವಕೀಲರು ನಕ್ಕರು:
"ಕರು ಕೊಟ್ಟರೆ ವಾರಸುದಾರಿಕೆಯೇ, ಸ್ವಾಮಿ?"
ಜಡ್ಜಮ್ಮ ನಗಲಿಲ್ಲ. ಕನ್ನಡಕ ಮೇಲೇರಿಸಿ
ಪುಸ್ತಕವನ್ನು ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ನೋಡಿ
ನಿಶಾನೆ ಪಿ-ಏಳು ಎಂದು ಬರೆಸಿದರು.
ಮುಂದಿನ ತಾರೀಖು ಕೊಟ್ಟರು.

ಹೊರಗೆ ಹೊಂಗೆಯ ಕೆಳಗೆ ಪಾಲಮ್ಮ
ಸೆರಗಿನ ಗಂಟಿನಿಂದ ನೂರರ ನೋಟು ತೆಗೆದು
ಕಾಟಪ್ಪನ ಕೈಗಿಟ್ಟಳು. "ನನ್ನ ಮಗಳ ಹೆಸರು ಬರ್ಕಳಿ. ಸುನಂದ."
ಪುಸ್ತಕ ಕೋರ್ಟಿನ ವಶದಲ್ಲಿತ್ತು.
ಅವನು ನನ್ನ ಪೆನ್ನು ಇಸಿದುಕೊಂಡು
ಅಂಗೈಯಲ್ಲಿ ಗೀಚಿಕೊಂಡ, ಊದಿ ಒಣಗಿಸಿದ.
"ಬರೆಯೋದು ಮುಂದಿನ ಪುಟದಲ್ಲೋ, ಹಿಂದಿನದರಲ್ಲೋ?"
ಕೇಳಿದೆ.

ಟಿವಿಎಸ್ ಒದ್ದ. ಎರಡು ಸಲ ಹತ್ತಲಿಲ್ಲ.
ಮೂರನೆಯದಕ್ಕೆ ಗಂಟೆ ಅಲುಗಿತು.