ಗೆ

ವರದಿಗೆ ಎರಡು ಪುಟ ಸಾಕು ಅಂದಿದ್ದಾರೆ ಮೇಡಂ,
ಚಟುವಟಿಕೆಗೊಂದು, ಸಾಧನೆಗೊಂದು.
ಮೊದಲನೆಯದು ತುಂಬಿತು:
ಮಿದುಳಿಗೆ ಹೊಡೆತ ಬಿದ್ದು ಮಾತು ಕಳಕೊಂಡವರು ನಲವತ್ತೊಂದು ಮಂದಿ,
ಧ್ವನಿಮುದ್ರಣ ಇನ್ನೂರ ಹನ್ನೆರಡು ಗಂಟೆ,
ಕೆಟ್ಟ ಫ್ಯಾನು ಒಂದು. ಇದನ್ನು ಹೊಡೆದುಹಾಕಿದೆ.
ಎರಡನೆಯದು ಇನ್ನೂ ಬಿಳಿ.
ಕಿಟಕಿಯಾಚೆ ತೋಳಹುಣಸೆಯ ಬಿಸಿಲು,
ಸಿಟಿ ಬಸ್ಸು ಹಿಂದೆ ಮುಂದೆ ಮಾಡಿ ತಿರುಗಿಕೊಳ್ಳುವ ಸದ್ದು.

ಮೊದಲು ನಮ್ಮಲ್ಲಿದ್ದ ಚಿತ್ರಗಳೇ ಬೇರೆ.
ಎಲ್ಲಿಂದಲೋ ಬಂದ ಕಟ್ಟು: ಹಿಮದ ಮನೆ,
ಆಳೆತ್ತರದ ತಂತಿವಾದ್ಯ,
ಮುಳ್ಳುಮುಳ್ಳಾದ ಒಂದು ತರಕಾರಿ.
ಅದನ್ನು ಬಹಳ ಹೊತ್ತು ನೋಡಿ ಹಾಲೇಶಪ್ಪ
ನನ್ನ ಮುಖ ನೋಡಿದ್ದರು.
ಸೊನ್ನೆ ಹಾಕಿದೆ.
ರಾತ್ರಿ ರೂಮಿನಲ್ಲಿ ನೆನೆದರೆ
ಅದರ ಹೆಸರು ನನಗೂ ಗೊತ್ತಿರಲಿಲ್ಲ.

ಆಮೇಲೆ ಕಲಾ ಕಾಲೇಜಿನ ತಿಪ್ಪೇರುದ್ರ ಬಂದ,
ಅರವತ್ತು ಚಿತ್ರ ಬರೆದುಕೊಟ್ಟ, ಕೂಲಿ ಕೇಳದೆ, ಚಹಾ ಕೇಳಿ:
ಮೊರ, ಕುಂಟೆ, ಲಾಳ, ಗಿರಣಿ ಚಿಮಣಿ, ಮಂಡಕ್ಕಿ ಭಟ್ಟಿ.

ಭಟ್ಟಿ ಕಂಡು ಖತೀಜಾಬಿ ನಕ್ಕರು,
ಮೊಣಕೈಯ ಸುಟ್ಟ ಕಲೆ ತೋರಿಸಿ
ಸ್ಪಷ್ಟವಾಗಿ ಅಂದರು: ಮುರ್ಮುರೆ.
ಫಾರಂ ಕನ್ನಡ ಕೇಳಿತ್ತು.
ನಲವತ್ತು ವರ್ಷ ಕನ್ನಡದಲ್ಲಿ ಸೇರು ಅಳೆದು
ಮನೆಯಲ್ಲಿ ದಖ್ಖನಿಯಲ್ಲಿ ಮೊಮ್ಮಕ್ಕಳ ಬೈದವರು.
ಹೊಡೆತ ಸಂತೆಯನ್ನು ಒಯ್ದು ಮನೆಯನ್ನು ಬಿಟ್ಟಿತ್ತು.
ನಾನು ಸ್ಕೇಲಿಟ್ಟು ಪೆನ್ನಿನಲ್ಲಿ
ಇನ್ನೊಂದು ಕಾಲಂ ಎಳೆದೆ.
ಈಗ ಅದು ಎಲ್ಲ ಫಾರಂಗಳಲ್ಲೂ ಅಚ್ಚಾಗಿಯೇ ಬರುತ್ತದೆ.
ಇದನ್ನು ಸಾಧನೆ ಅನ್ನಬಹುದೇ, ಕೇಳಬೇಕು.

ಹಾಲೇಶಪ್ಪನವರದು ಮೂವತ್ತೊಂದು ವರ್ಷ
ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಹರಾಜು ಕೂಗಿದ ಗಂಟಲು.
ಅಂಕಿ ಮಾತ್ರ ಉಳಿದಿತ್ತು, ನಿಲ್ಲಿಸುವುದು ಹೋಗಿತ್ತು.
ಮಕ್ಕಳೆಷ್ಟು ಅಂದರೆ
ಒಂದು, ಎರಡು, ಮೂರು—
ಗಿರಿಜವ್ವ ಕೈ ಅಡ್ಡ ಹಿಡಿದರೂ
ನಾಲ್ಕು, ಐದು, ಏರುತ್ತಲೇ ಹೋಯಿತು
ಕೊಳ್ಳುವವರಿಲ್ಲದ ಬೆಲೆ, ಹದಿನೇಳರ ತನಕ.

ಮಿಕ್ಕಿದ್ದು ಬಿಡಿ ಕಾಳು:
ಚೀಲ. ಲಾರಿ. ಹಾಕು.
ಯಾವುದು ಯಾವುದಕ್ಕೆ?
ಐದನೇ ಇಯತ್ತೆಯಲ್ಲಿ ವಿಭಕ್ತಿ ಬಾಯಿಪಾಠ ಒಪ್ಪಿಸಿ
ಬೆತ್ತ ತಪ್ಪಿಸಿಕೊಂಡವಳು ನಾನು,
ಉ, ಅನ್ನು, ಇಂದ, ಗೆ,
ಅವು ಚೀಲದ ಬಾಯಿ ಹೊಲಿಯುವ ದಬ್ಬಣದ ದಾರ
ಎಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಹನ್ನೊಂದನೇ ವಾರ, ಗುರುವಾರ.
ಕರೆಂಟು ಹೋಗಿ ರೆಕಾರ್ಡರ್ ಸತ್ತಿತ್ತು.
ಗಿರಿಜವ್ವ ಕೊಡೆ, ಡಬ್ಬಿ ಎತ್ತಿಕೊಂಡಿದ್ದರು.
ಪರೀಕ್ಷೆಗಲ್ಲ, ಬರೀ ಬಾಯಿಚಾಳಿಗೆ ಕೇಳಿದೆ:
ಎಲ್ಲಿಗೆ ಹೊರಟ್ರಿ?
ಬಾಗಿಲ ಚೌಕಟ್ಟು ಹಿಡಿದು ನಿಂತರು.
ಮನೆ, ಅಂದರು.
ತುಟಿ ಏನನ್ನೋ ತಡಕಿತು. ಮನೆ.
ಕೊನೆಯ ಬೇಡಿಕೆಗೆ ಕಾಯುವ ಹಾಗೆ
ಖಾಲಿ ಕಾರಿಡಾರಿನ ಎರಡೂ ಕಡೆ ನೋಡಿ
ಮೂರನೇ ಸಲ:
ಮನೆಗೆ.

ನಾನು ಪೆನ್ನು ಹುಡುಕುತ್ತಿದ್ದೆ.
ಗಿರಿಜವ್ವ, ಹೂಂ ನಡೀರಿ, ಬಸ್ ಹೊಂಟೋಗತ್ತೆ, ಅಂದರು.

ಧ್ವನಿಯಿಲ್ಲ, ಆದ್ದರಿಂದ ದತ್ತಾಂಶವಲ್ಲ.
ಮುಂದಿನ ವಾರ ಬರಲೂ ಇಲ್ಲ ಆ ಅಕ್ಷರ.
ಅದರಾಚೆ ವಾರ ಎಲ್ಲದಕ್ಕೂ ಅಂಟಿತು:
ಚಾಗೆ ಕುಡಿದೆ. ಮಗಗೆ ಬಂದ. ಬೀಡಿಗೆ ಬೇಡ.
ತಪ್ಪು, ತಪ್ಪು, ತಪ್ಪು, ಗುರುತು ಹಾಕುತ್ತ ಹೋದೆ,
ಕೈ ಮಾತ್ರ ಸುಮ್ಮನಿರಲಿಲ್ಲ,
ಪ್ರತಿ ತಪ್ಪಿನ ಪಕ್ಕ ಸಣ್ಣದೊಂದು ಚುಕ್ಕಿ ಇಡುತ್ತಿತ್ತು.

ಮೇಡಂ ಆ ಚುಕ್ಕಿಗಳ ಅರ್ಥ ಕೇಳಿದರು.
ಒಂದಕ್ಷರ ಸರ್ ನೋಡಲ್ಲಮ್ಮ, ಅಂದರು,
ಹಾಳೆಯನ್ನು ಮಾತ್ರ ತಮ್ಮ ಡ್ರಾಯರಿನಲ್ಲಿ ಇಟ್ಟುಕೊಂಡರು.

ಆರೂವರೆಯ ಬಸ್ಸು.
ಎಲ್ಲಿಗಮ್ಮಾ, ಅಂದ ಕಂಡಕ್ಟರ್.
ಚಿಲ್ಲರೆ ಕೈಯಲ್ಲೇ ಇತ್ತು.
ಹಿಂದಿನವರು ತಳ್ಳುವವರೆಗೂ
ಊರಿನ ಹೆಸರು ಬಾಯಿಗೆ ಬರಲಿಲ್ಲ.